ಹಡಗು ದಬ್ಬುವ ವರ

ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲ ಎಂದು ಹೇಳಿ ಸುಮ್ಮನೆ ಕೂರುವವರನ್ನು ಕಂಡರೆ ನನಗೆ ಬಹಳ ಗೌರವ. ಅವರ ಸಾಲಿಗೆ ಸೇರುವ ಯೋಗ ಮಾತ್ರ ನನ್ನ ಹಣೆಯಲ್ಲಿ ಬರೆದಿಲ್ಲ. ಮಕ್ತಲ್‌ನ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅರಬ್ಬೀ ಸಮುದ್ರದ ಬಂದರುಗಳ ಬಗ್ಗೆ ಮುಕ್ಕಾಲು ಗಂಟೆ ಉಸಿರು ಬಿಡದೆ ಮಾತಾಡಬಲ್ಲೆ. ಆದರೆ ನಾನು ಕಣ್ಣಾರೆ ಕಂಡ ಅತಿ ದೊಡ್ಡ ನೀರೆಂದರೆ ಜುರಾಲಾ ಅಣೆಕಟ್ಟಿನದು. ಅದನ್ನೂ ನೋಡಿದ್ದು ಬಸ್ಸಿನ ಕಿಟಕಿಯಿಂದ, ಮುಂದಿನ ಸೀಟಿನವರ ತಲೆ ಅಡ್ಡ ಇರದಷ್ಟು ಹೊತ್ತು.

ಇಂಥ ನನ್ನ ತಂಗಿ ರೇಣುಕಾಗೆ ಗದ್ವಾಲದಿಂದ ಒಂದು ಸಂಬಂಧ ಬಂತು. ರೇಣುಕಾ ನಾರಾಯಣಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಗಳು ನಲವತ್ತು ಸೀರೆ ಬಿಚ್ಚಿಸಿ, "ನಾಳೆ ಬರ್ತೀವಿ" ಎಂದು ಎದ್ದು ಹೋದರೂ ನಗುತ್ತಲೇ ಮಡಚಿಡುವ ಹುಡುಗಿ. ವರ ಬೀರೇಶ ಪಡುವಣ ಕರಾವಳಿಯಲ್ಲಿ ಹಡಗಿನ ನೌಕರ. ಇಬ್ಬರೂ ಒಪ್ಪಿ, ಫೋನಿನಲ್ಲಿ ಮಾತುಕತೆಯೂ ಶುರುವಾಗಿತ್ತು. ಬಾಕಿ ಇದ್ದದ್ದು ರಾಜೋಳಿಯಲ್ಲಿ ಕುರಿ ಸಾಕಿಕೊಂಡಿರುವ ಸೋದರಮಾವ ಮೈಲಾರಪ್ಪನವರ ಒಪ್ಪಿಗೆ. ಅಪ್ಪ ತೀರಿಕೊಂಡ ಮೇಲೆ, ಮಾವ ಹೂಂ ಅನ್ನದೆ ನಮ್ಮ ಮನೆಯಲ್ಲಿ ತೆಂಗಿನಕಾಯಿ ಸಹ ಒಡೆಯುವುದಿಲ್ಲ.

ಮನೆಗೆ ಬಂದ ಮಾವ ಕಂಬಳಿ ಮಡಚಿಟ್ಟು, ಚಹಾದ ಕಪ್ಪು ಹಿಡಿದು ಕೇಳಿದರು: "ಹುಡುಗ ಏನು ಕೆಲಸ ಮಾಡತಾನ?"

ರೇಣುಕಾ ಬಾಯಿ ತೆರೆಯುವಷ್ಟರಲ್ಲಿ ನಾನು ತೆರೆದಿದ್ದೆ. "ಹಡಗು ದಬ್ಬತಾನರಿ ಮಾವ."

ಅಲ್ಲಿಗೇ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದೆ. ನಿಲ್ಲಿಸಲಿಲ್ಲ. ಬಾರ್ಜ್ ಎಂಬುದು ಒಂದು ಭಾರಿ ಕಬ್ಬಿಣದ ತೊಟ್ಟಿ, ಅದರ ತುಂಬ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲು, ಅದಿರು. ಅದಕ್ಕೆ ಎಂಜಿನ್ ಇರುವುದಿಲ್ಲ. ಪುಷರ್ ಎಂಬ ಇನ್ನೊಂದು ಗಟ್ಟಿಮುಟ್ಟಾದ ಹಡಗು ಹಿಂದಿನಿಂದ ಮೂತಿ ಆನಿಸಿ ಅದನ್ನು ದಬ್ಬಿಕೊಂಡು ಸಮುದ್ರದ ಮೇಲೆ ಹೋಗುತ್ತದೆ, ಬೀರೇಶ ಇರುವುದು ಆ ಪುಷರಿನಲ್ಲಿ ಎಂದೆಲ್ಲ ಕೈಬೀಸಿ ವಿವರಿಸಿದೆ.

ಮಾವ ಕಪ್ಪು ಕೆಳಗಿಟ್ಟರು. "ಎತ್ತು ಗಾಡಿ ಮುಂದ ಕಟ್ಟತಾರೋ, ಹಿಂದ ಕಟ್ಟತಾರೋ?"

"ಮುಂದರಿ."

"ಬಸ್ಸು ಹಿಂದಿಂದ ಯಾವಾಗ ದಬ್ಬತಾರ?"

"ಕೆಟ್ಟಾಗರಿ."

"ಅಂದ್ರ ಇವರ ಹಡಗು ದಿನಾ ಕೆಡತೈತಿ. ಕೆಟ್ಟ ಹಡಗು ದಬ್ಬೋನಿಗೆ ನನ್ನ ಸೊಸಿನ ಕೊಡಂಗಿಲ್ಲ."

ಅವ್ವ ಸೆರಗು ಬಾಯಿಗೆ ಹಿಡಿದಳು. ರೇಣುಕಾ ನನ್ನನ್ನು ನೋಡಿದ ನೋಟವನ್ನು ನಲವತ್ತು ಸೀರೆಯ ಗಿರಾಕಿಗಳೂ ಕಂಡಿರಲಿಕ್ಕಿಲ್ಲ. ಕೆಡಿಸಿದ್ದನ್ನು ಸರಿಮಾಡುವ ಆತುರದಲ್ಲಿ ನಾನು, "ಕೃಷ್ಣಾ ಹೊಳಿಗೆ ಬರ್ರಿ ಮಾವ, ನೀರಾಗ ಮಾಡಿ ತೋರಸತೀನಿ" ಎಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಹೊಳೆಯ ದಂಡೆಗೆ ಹೋದೆವು. ಅಲ್ಲಿದ್ದದ್ದು ಎರಡು ಹರಗೋಲು, ಅವುಗಳ ಒಡೆಯ ನರಸಿಂಹುಲು. ಒಂದು ಹರಗೋಲಿನಲ್ಲಿ ನಾನು ಕೂತೆ. ಇನ್ನೊಂದರಲ್ಲಿ ನೀನು ಕೂತು ಹುಟ್ಟು ಹಾಕುತ್ತ ನನ್ನನ್ನು ಹಿಂದಿನಿಂದ ದಬ್ಬು ಎಂದು ನರಸಿಂಹುಲುವಿಗೆ ಹೇಳಿದೆ. ಅವನು ಗಾಬರಿಯಿಂದ, "ವದ್ದು ಸಾರೂ, ವದ್ದು!" ಎಂದ. ಬೇಡ ಎನ್ನುವುದು ತೆಲುಗಿನಲ್ಲಾದರೂ ಕನ್ನಡದಲ್ಲಾದರೂ ನನಗೆ ಕೇಳಿಸುವುದಿಲ್ಲ.

ಅವನು ದಬ್ಬಿದ. ಹರಗೋಲು ದುಂಡಗಿರುತ್ತದೆ ಎಂಬುದನ್ನು ಹುಟ್ಟಿದಾಗಿನಿಂದ ನೋಡಿದ್ದೆ, ಯೋಚಿಸಿರಲಿಲ್ಲ. ಅದು ಮುಂದೆ ಹೋಗುವ ಬದಲು ಬುಗುರಿಯಂತೆ ತಿರುಗತೊಡಗಿತು. ನನಗೆ ಮಾವ ಕಂಡರು, ರೇಣುಕಾ ಕಂಡಳು, ರೈಲು ಸೇತುವೆ ಕಂಡಿತು, ಮತ್ತೆ ಮಾವ, ಮತ್ತೆ ರೇಣುಕಾ, ಮತ್ತೆ ಸೇತುವೆ. ನಾನು ವಿವರಣೆ ನಿಲ್ಲಿಸಿರಲಿಲ್ಲ. ದಂಡೆಗೆ ಮುಖ ಬಂದಾಗ ಆಡಿದ್ದಷ್ಟೇ ಅವರಿಗೆ ಕೇಳಿಸುತ್ತಿತ್ತಂತೆ: "ಭಾಳ ಸುರಕ್ಷಿತ...", "ಎಷ್ಟು ಸರಳ...", "ಅಯ್ಯೋ..." ಕೊನೆಯದನ್ನು ಹೇಳುವಾಗ ಎದ್ದು ನಿಂತಿದ್ದೆ. ಆಮೇಲೆ ಹೊಳೆಯಲ್ಲಿದ್ದೆ. ಪುಣ್ಯಕ್ಕೆ ನೀರು ಸೊಂಟದ ಮಟ್ಟ.

ಕೆಸರು ಮೆತ್ತಿಕೊಂಡು ದಂಡೆಗೆ ಬಂದಾಗ ಮಾವನ ಮುಖದಲ್ಲಿ ನಿಜವಾದ ಮರುಕವಿತ್ತು. "ಪಾಪ, ಆ ಹುಡುಗ ದಿನಾ ಹಿಂಗ ಬೀಳತಾನೇನು?" ಎಂದರು. ಸಂಬಂಧ ಅಲ್ಲಿಗೆ ಮುಳುಗಿತೆಂದೇ ನಾನು ತಿಳಿದೆ. ತಂಗಿಯ ಮುಖ ನೋಡುವ ಧೈರ್ಯವಾಗದೆ ಅಂಗಿ ಹಿಂಡುತ್ತ ನಿಂತೆ.

ಆಗ ರೇಣುಕಾ ಮಾವನ ಪಕ್ಕ ಹೋಗಿ ಕೂತಳು. "ಮಾವ, ನೀವು ಕುರಿ ಹೊಡಿಯುವಾಗ ಮುಂದ ಇರತೀರೋ, ಹಿಂದೋ?"

"ಹಿಂದನ. ಮುಂದ ಹೋದ್ರ ಯಾವುದು ಎತ್ತ ಹೋತು ಹೆಂಗ ಕಾಣಬೇಕು?"

"ಅವರೂ ಹಂಗರಿ. ಪುಷರ್ ಹಿಂದ ಇರತೈತಿ, ಎತ್ತರ ಇರತೈತಿ, ಎಲ್ಲಾ ಕಾಣತೈತಿ. ಎರಡನ್ನೂ ಗಟ್ಟಿ ಬಿಗಿದಿರತಾರ, ತಿರುಗಂಗಿಲ್ಲ. ಅದನ್ನ ಅಣ್ಣ ಹೇಳಲಿಲ್ಲ. ಒಂದು ಬಾರ್ಜ್ ದಂಡಿಗೆ ಬಿಟ್ಟು, ಅದು ಖಾಲಿ ಆಗೋದ್ರಾಗ ಇನ್ನೊಂದು ಹೊಡಕೊಂಡು ಬರತಾರ."

ಮಾವ ಹೊಳೆ ನೋಡುತ್ತ, "ಮುಂದ ನಿಂತು ಎಳದ್ರ ಒಂದು ಕುರಿ ಬರತೈತಿ, ಹಿಂದ ನಿಂತ್ರ ಇಡೀ ಹಿಂಡ ಬರತೈತಿ" ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಬೈದರು: "ಹುಡುಗ ನೀರಿನ ಮ್ಯಾಲ ಕುರಿ ಕಾಯತಾನ ಅಂತ ಮೊದಲ ಹೇಳಾಕ ನಿನಗೇನಾಗಿತ್ತೋ? ಲಗ್ನ ಮಾಡ್ರಿ!"

ಅಂದು ಸಂಜೆ ಬೀರೇಶನ ಫೋನು ಬಂತು. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. "ಏನಾತಂತರಿ ಸರ?" ಎಂದು ಭಯಭಕ್ತಿಯಿಂದ ಕೇಳಿದ. ನಾನು ಗಂಟಲು ಸರಿಮಾಡಿಕೊಂಡು, ಹಿಂದಿನ ಹರಗೋಲು ಪುಷರ್ ಎಂದೂ, ಮುಂದಿನದು ಬಾರ್ಜ್ ಎಂದೂ, ಅದರಲ್ಲಿದ್ದ ಕ್ಯಾಪ್ಟನ್ ನಾನೇ ಎಂದೂ ಸವಿಸ್ತಾರವಾಗಿ ತಿಳಿಸಿದೆ.

ಬೀರೇಶ ಬಹಳ ಮೆತ್ತಗೆ ಹೇಳಿದ: "ಬಾರ್ಜಿನಾಗ ಕ್ಯಾಪ್ಟನ್ ಇರಂಗಿಲ್ಲರಿ ಸರ. ಅದರಾಗ ತುಂಬಿರೋದಕ್ಕ ಸರಕು ಅಂತಾರರಿ."