ಅಪ್ಪನ ಬಸ್ಸಿನ ದಾರಿಯಲ್ಲೊಂದು ಕ್ಯಾಂಪು

ನನ್ನ ಪಾಲಿಗೆ ಯಾವ ಕೆಲಸವೂ ನೆಟ್ಟಗೆ ಶುರುವಾದದ್ದಿಲ್ಲ. ಶಾಲೆಗೆ ಸೇರಿದ ದಿನ ಬೇರೆ ಕ್ಲಾಸಿನಲ್ಲಿ ಹೋಗಿ ಕೂತಿದ್ದೆ, ಮಧ್ಯಾಹ್ನದವರೆಗೆ ಯಾರಿಗೂ ಗೊತ್ತಾಗಲಿಲ್ಲ. ಹಾಗಾಗಿ ಯೂನಿವರ್ಸಿಟಿ ಶುರುವಾಗೋ ಮುಂಚೆ ‘ಪ್ರೀ-ಓರಿಯೆಂಟೇಶನ್ ಕ್ಯಾಂಪ್’ ಇದೆ ಅಂತ ಮೆಸೇಜ್ ಬಂದಾಗಲೇ ಏನೋ ಒಂದು ಕಾದಿದೆ ಅನ್ನಿಸಿತ್ತು.

ಕ್ಯಾಂಪ್ ಇದ್ದದ್ದು ಹೊಸನಗರ ದಾಟಿ ತೀರ್ಥಹಳ್ಳಿ ರಸ್ತೆಯಲ್ಲಿ, ಮೂರು ದಿನ. ನಮ್ಮ ಮನೆ ಸಾಗರದಲ್ಲಿ. ಅಮ್ಮ ಕಂಡೀಷನ್ ಹಾಕಿದಳು: “ಮನೆ ಬಿಟ್ಟು ಒಂದಿನ ಮಲಗಿದೋಳಲ್ಲ ನೀನು. ಮೂರು ದಿನ ಪೂರ್ತಿ ಇದ್ದು ಬಂದ್ರೆ ಯೂನಿವರ್ಸಿಟಿ. ಮಧ್ಯದಲ್ಲಿ ವಾಪಸ್ ಬಂದ್ಯೋ, ಇಲ್ಲೇ ಡಿಗ್ರಿ ಕಾಲೇಜು. ಆಮೇಲೆ ಗೊಣಗಬಾರ್ದು.”

ಒಪ್ಪಿಕೊಂಡೆ. ತೊಂದರೆ ಏನಂದ್ರೆ, ಅಪ್ಪ ಪ್ರೈವೇಟ್ ಬಸ್ಸಿನ ಕಂಡಕ್ಟರ್, ಅದೂ ಇದೇ ರೂಟಿನಲ್ಲಿ. ಬೆಳಿಗ್ಗೆ ತೀರ್ಥಹಳ್ಳಿಗೆ ಹೋಗುವಾಗ, ಸಂಜೆ ಸಾಗರಕ್ಕೆ ಬರುವಾಗ ಅವನ ಬಸ್ಸು ಕ್ಯಾಂಪಿನ ಗೇಟಿನ ಮುಂದೆಯೇ ಹೋಗಬೇಕು. ಮನೆಗೆ ವಾಪಸ್ ಬರೋಕೆ ನಾನು ಪಡಬೇಕಾದ ಕಷ್ಟ ಅಂದ್ರೆ ಕೈ ಅಡ್ಡ ಹಿಡಿಯೋದು, ಅಷ್ಟೇ.

ಖಾಲಿ ಹೊಟ್ಟೆ

ನಮ್ಮಜ್ಜಿಗೆ ಗೊತ್ತಿದ್ದದ್ದು ಎರಡೇ ಕ್ಯಾಂಪು: ಒಂದು ಕಣ್ಣಿಂದು, ಇನ್ನೊಂದು ಶುಗರ್‌ದು. ಹೊರಡುವ ಬೆಳಿಗ್ಗೆ ದೋಸೆ ತಟ್ಟೆಗೆ ಕೈ ಹಾಕಿದೆ, ಅಜ್ಜಿ ತಟ್ಟೆ ಎಳೆದುಕೊಂಡಿತು.

“ಕ್ಯಾಂಪಿಗೆ ಖಾಲಿ ಹೊಟ್ಟೇಲಿ ಹೋಗ್ಬೇಕು. ತಿಂದ್ರೆ ರಕ್ತ ಸರಿ ಬರಲ್ಲ.”

ಇದು ಓದೋ ಕ್ಯಾಂಪ್ ಅಂತ ಹೇಳಿದೆ. “ಮೊದ್ಲು ಹಂಗೇ ಹೇಳ್ತಾರೆ” ಅಂತು. ಅಮ್ಮ ಒಲೆ ಹತ್ತಿರ ನಗ್ತಾ ಇದ್ದಳೇ ಹೊರತು ಬಿಡಿಸೋಕೆ ಬರಲಿಲ್ಲ. ಹಸಿದುಕೊಂಡೇ ಬಸ್ ಹತ್ತಿದೆ. ವಾಪಸ್ ಬಂದ ದಿನ ಅಜ್ಜಿ ನನ್ನ ಮುಖವನ್ನೇ ತುಂಬ ಹೊತ್ತು ನೋಡಿ ಬೇಜಾರಿನಲ್ಲಿ ಕೇಳಿತು: “ಮೂರು ದಿನ ಇಟ್ಕೊಂಡು ಒಂದು ಕನ್ನಡಕನೂ ಕೊಡ್ಲಿಲ್ವಾ?”

ಒಂದೇ ಹೆಸರು

ನಮ್ಮ ಗುಂಪಿಗೆ ಬಂದಿದ್ದ ಮೇಡಂ ಹೊರರಾಜ್ಯದವರು, ಕನ್ನಡ ಈಗಷ್ಟೇ ಕಲೀತಾ ಇದ್ದವರು. ಹೆಸರಿನ ಬ್ಯಾಡ್ಜ್ ಬೇಡ, ನೀವು ಮಾತಾಡ್ತಾ ಇರಿ, ನಾನೇ ಕೇಳಿಸಿಕೊಂಡು ಹೆಸರು ಕಲೀತೀನಿ ಅಂದರು. ಗುಂಪಿನಲ್ಲಿ ಬಹುಪಾಲು ಹೊಸನಗರ, ತೀರ್ಥಹಳ್ಳಿ ಕಡೆಯವರೇ. ಎಂತ ಮಾರಾಯ, ಬಾ ಮಾರಾಯ, ಸುಮ್ನಿರು ಮಾರಾಯ್ತಿ ಅಂತ ಬೆಳಗಿನಿಂದ ನಡೆದಿತ್ತು.

ಮಧ್ಯಾಹ್ನ ಮೇಡಂ ಉತ್ಸಾಹದಿಂದ ಎದ್ದು, “ಮಾರಾಯ, ನೀನು ಬಂದು ಮಾತಾಡು” ಅಂತ ಕರೆದರು. ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳದ್ದನ್ನು ಕಂಡು ಮೇಡಂ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು: “ಅವನಿಗೆ ನಾಚಿಕೆ ಇರಬೇಕು. ಮಾರಾಯ್ತಿ, ನೀನು ಅವನ ತಂಗಿ ಅಲ್ವಾ, ಸ್ವಲ್ಪ ಹೇಳು.”

ಮೌನ ನಡಿಗೆ

ಎರಡನೇ ದಿನ ಬೆಳಿಗ್ಗೆ ಒಬ್ಬರು ಸರ್ ನಮ್ಮನ್ನು ಕಾಡಿನೊಳಗೆ ಕರೆದುಕೊಂಡು ಹೋದರು. ಏನೇ ಆಗಲಿ, ಯಾರೂ ಒಂದು ಮಾತೂ ಆಡಬಾರದು, ಬರೀ ಗಮನಿಸಬೇಕು. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿಕೊಂಡು ಸರ್ ಮುಂದೆ, ನಾವು ಸಾಲಾಗಿ ಹಿಂದೆ. ವಾಪಸ್ ಬಂದು ಕೂತ ಮೇಲೆ ಕಣ್ಣು ಮುಚ್ಚಿಕೊಂಡು ಕೇಳಿದರು: “ಮೌನದಲ್ಲಿ ಏನೇನು ಗಮನಿಸಿದ್ರಿ?”

ತೀರ್ಥಹಳ್ಳಿಯ ಹುಡುಗ ಕೈ ಎತ್ತಿದ. “ಹೊರಟಾಗ್ಲೇ ನಿಮ್ ಮೊಣಕಾಲಿನ ಹಿಂದೆ ಒಂದು ಉಂಬಳ ಹತ್ತಿತ್ತು ಸರ್.”

ಸರ್ ಕಣ್ಣು ಬಿಟ್ಟು, ಎದ್ದು, ಪ್ಯಾಂಟು ಜಾಡಿಸಿ ಒಂದು ಸುತ್ತು ಕುಣಿದರು. “ಯಾಕಯ್ಯಾ ಹೇಳ್ಲಿಲ್ಲ?”

“ಮಾತಾಡ್ಬಾರ್ದು ಅಂದಿದ್ರಲ್ಲ ಸರ್. ಈಗೇನೂ ಹೆದ್ರಬೇಡಿ, ಅದು ರಕ್ತ ಕುಡಿದು ಹೊಟ್ಟೆ ತುಂಬಿ ಆಗ್ಲೇ ಬಿದ್ದೋಯ್ತು.”

ಗೇಟು

ಅದೇ ದಿನ ಮಧ್ಯಾಹ್ನದ ಮೇಲೆ, ಎಲ್ಲರೂ ಎದ್ದು ನಿಂತು ತಮ್ಮ ಗುರಿಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕು ಅಂದರು. ನಾನು ಎದ್ದೆ, ಹೆಸರು ಹೇಳಿದೆ, ಊರು ಹೇಳಿದೆ. ಮುಂದೆ ಒಂದು ಪದವೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ಬೇರೆ ತಟ್ಟಿದರು, ಪಾಪ ಅಂತ. ಆ ಚಪ್ಪಾಳೆಗೆ ಅಳು ಬಂತು. ಸಾಕಪ್ಪಾ ಸಾಕು, ಡಿಗ್ರಿ ಕಾಲೇಜೇ ವಾಸಿ ಅಂತ ತೀರ್ಮಾನ ಮಾಡಿ, ಬ್ಯಾಗ್ ತಗೊಂಡು, ವೇಲ್ ತಲೆ ಮೇಲೆ ಎಳೆದುಕೊಂಡು ಗೇಟಿಗೆ ಹೋಗಿ ನಿಂತೆ.

ಅಪ್ಪನ ಬಸ್ಸು ಬಂತು. ಯಾವುದೋ ಮದುವೆ ದಿಬ್ಬಣ ಹತ್ತಿಬಿಟ್ಟಿತ್ತು. ಜನ ಕಿಟಕಿಯಲ್ಲೂ ಇಣುಕ್ತಾ ಇದ್ದರು. ಅಪ್ಪ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ನಿಂತು, ಬೆನ್ನು ನನ್ನ ಕಡೆ ಹಾಕಿ, “ಒಳಗ್ ಹೋಗ್ರೀ, ಒಳಗೆ ಜಾಗ ಇದೆ” ಅಂತ ಒಳಗಿನವರನ್ನು ಬೈತಾ ಇದ್ದ. ನಾನು ಕೈ ಅಡ್ಡ ಹಿಡಿದೆ. ಅಪ್ಪ ಹಿಂತಿರುಗಿಯೂ ನೋಡಲಿಲ್ಲ.

“ಹಿಂದೆ ಖಾಲಿ ಗಾಡಿ ಬರ್ತಾ ಇದೆ, ಅದ್ರಲ್ಲಿ ಬನ್ನಿ ಅಮ್ಮಾ. ರೈಟ್!”

ಹುಟ್ಟಿದಾಗಿನಿಂದ ಅಪ್ಪ ನನಗೆ ‘ಬನ್ನಿ’ ಅಂದದ್ದು ಅದೊಂದೇ ಸಲ. ಆ ರೂಟಿನಲ್ಲಿ ಅವನದೇ ಕೊನೇ ಬಸ್ಸು, ಅದರ ಹಿಂದೆ ಬರುವುದು ಧೂಳು ಮಾತ್ರ ಅಂತ ಕಂಡಕ್ಟರ್ ಮಗಳಿಗೆ ಗೊತ್ತಿರದೇ ಇರುತ್ತಾ? ಆದ್ರೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ಬ್ಯಾಗ್ ಹಿಡಿದು ಒಳಗೆ ಬಂದೆ. ಬೇರೆ ದಾರಿ ಇರಲಿಲ್ಲ. ಮೂರನೇ ದಿನ ಹೇಗೋ ಕಳೆಯಿತು.

ಮನೆಗೆ ಬಂದರೆ ನನ್ನ ಕೀರ್ತಿ ನನಗಿಂತ ಮುಂಚೆ ಬಂದಿತ್ತು. “ದಿನಾ ನಮ್ ಬಸ್ಸೇ ಗೇಟ್ ಮುಂದೆ ಹೋಗ್ತಿತ್ತು, ಒಂದಿನಾನಾದ್ರೂ ಹತ್ತಿದ್ಲಾ? ಗಟ್ಟಿ ಹುಡುಗಿ!” ಅಂತ ಅಪ್ಪ ಬಸ್ಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಅಮ್ಮ ಮಾತು ಉಳಿಸಿಕೊಂಡಳು. ಯೂನಿವರ್ಸಿಟಿಗೆ ಸೇರಿದೆ.

ಮೊದಲ ಸೆಮಿಸ್ಟರ್ ಮುಗಿದು ರಜೆಗೆ ಬಂದಾಗ, ಇನ್ನು ಯಾರೂ ವಾಪಸ್ ಕರೆಯಲಾರರು ಅನ್ನೋ ಧೈರ್ಯದಲ್ಲಿ, ಊಟಕ್ಕೆ ಕೂತಿದ್ದ ಅಪ್ಪನಿಗೆ ನಿಜ ಹೇಳಿದೆ. ಆ ದಿನ ಕೈ ಅಡ್ಡ ಹಿಡಿದಿದ್ದು ನಾನೇ, ನೀನೇ ಹತ್ತಿಸಿಕೊಳ್ಳಲಿಲ್ಲ ಅಂತ. ಅಪ್ಪ ತುತ್ತು ನುಂಗಿದ, ನೀರು ಕುಡಿದ, ಮುಖದಲ್ಲಿ ಒಂಚೂರೂ ನಗು ಇಲ್ಲದೆ ಕೇಳಿದ:

“ಅಲ್ಲ ಕಣೇ, ಹಿಂದಿನ ಗಾಡಿ ಪೂರ್ತಿ ಖಾಲಿ ಇತ್ತಲ್ಲ, ಅದ್ರಲ್ಲಿ ಬರೋಕೆ ನಿಂಗೇನಾಗಿತ್ತು?”