ಸ್ಟಾರ್ಟಪ್ ಪಟ್ಟಿಯಲ್ಲಿ ಗಣಪತಿ

ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಕಾಪುವಿನಿಂದ ಉಡುಪಿಗೆ ದಿನಾ ಬಸ್ಸಿನಲ್ಲಿ ಬರುವ ನನಗೆ, ಬಸ್ಸು ಪೂರ್ತಿ ನಿಲ್ಲುವವರೆಗೆ ಸೀಟಿನಲ್ಲಿ ಕುಳಿತಿರುವುದೂ ಒಂದು ಶಿಕ್ಷೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತೇನೆ. ಇದರಿಂದಾಗಿ ನಮ್ಮ ಮನೆಯಲ್ಲಿ ಹಸಿ ಹಾಲು ಕುಡಿದವರೂ ಇದ್ದಾರೆ, ಕೇಳದ ಪ್ರಶ್ನೆಗೆ ಉತ್ತರ ಪಡೆದವರೂ ಇದ್ದಾರೆ. ಇಂಥ ನನ್ನನ್ನು ಪರೀಕ್ಷಿಸಲಿಕ್ಕೆಂದೇ ದೇವರು ನಮ್ಮ ಆಫೀಸಿನ ಕಂಪ್ಯೂಟರನ್ನು ಸೃಷ್ಟಿಸಿದ್ದಾನೆ ಎಂದು ನಂಬಿದ್ದೆ. ದೇವರು ಅದರೊಳಗೆ ಬಿಡಾರವನ್ನೂ ಹೂಡಿದ್ದಾನೆ ಎಂಬುದು ಗೊತ್ತಾದದ್ದು ಆಮೇಲೆ.

ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಮ್ಮ ಸಣ್ಣ ಟ್ರಾವೆಲ್ ಏಜೆನ್ಸಿ. ಗಲ್ಫಿಗೆ ಹೊರಟವರಿಗೆ ಟಿಕೆಟ್ ಮಾಡಿಕೊಡುವುದು ಮುಖ್ಯ ಕಸುಬು. ಧನಿಗಳು ಶೆಟ್ರು, ವೀಸಾದ ಕಾಗದಪತ್ರ ನೋಡುವವಳು ಲವೀನಾ, ಟಿಕೆಟ್ ಮಾಡುವವಳು ನಾನು, ವಾರಿಜ. ಬುಕ್ಕಿಂಗ್ ಮಾಡುವ ಅನುಮತಿ ಇರುವುದು ಒಂದೇ ಒಂದು ಕಂಪ್ಯೂಟರಿಗೆ. ಮೊಬೈಲಿನಲ್ಲಿ ಆಗುವುದಿಲ್ಲ, ಪಕ್ಕದ ಅಂಗಡಿಯಲ್ಲೂ ಆಗುವುದಿಲ್ಲ. ಅದನ್ನು ಆನ್ ಮಾಡಿದರೆ ಮೊದಲು ಕಪ್ಪು ಪರದೆ, ಆಮೇಲೆ ಗಿರಗಿರ ಸುತ್ತುವ ಚುಕ್ಕಿಗಳು, ಆಮೇಲೆ ಪರದೆ ತುಂಬ ಗಣಪತಿಯ ಸ್ತುತಿಯ ವೀಡಿಯೊ, ತಾಳ ಮೃದಂಗ ಸಮೇತ. ಅದರ ಬೆನ್ನಿಗೆ ಪಂಚಾಂಗ, ಅದರ ಮೇಲೆ ಬೈಬಲಿನ ಒಂದು ವಾಕ್ಯ, ಅದರ ಮೂಲೆಯಲ್ಲಿ ಚಿನ್ನದ ದರ. ಇಷ್ಟೆಲ್ಲ ಆದ ಮೇಲೆ ಮನಸ್ಸು ಬಂದರೆ ಬುಕ್ಕಿಂಗ್. ಇದಕ್ಕೆ ನಾವು ಕಂಡುಕೊಂಡ ಉಪಾಯ ಬಹಳ ಸುಲಭದ್ದು. ಅದನ್ನು ಆಫ್ ಮಾಡುತ್ತಲೇ ಇರಲಿಲ್ಲ.

ಸ್ತುತಿ ಬಂದದ್ದು ಒಂದು ಆಯುಧಪೂಜೆಯ ದಿನ. ಆ ದಿನ ನಮ್ಮಲ್ಲಿ ಸ್ಟೇಪ್ಲರಿನಿಂದ ಹಿಡಿದು ಶೆಟ್ರ ಕಾರಿನವರೆಗೆ ಎಲ್ಲದಕ್ಕೂ ಹೂವು, ಕುಂಕುಮ. ಶೆಟ್ರ ಹೆಂಡತಿ ಪೆನ್ ಡ್ರೈವಿನಲ್ಲಿ ಆ ವೀಡಿಯೊ ತಂದು, "ಯಾವ ಕೆಲಸ ಶುರು ಮಾಡುವುದಾದರೂ ಮೊದಲು ಗಣಪತಿ ಅಲ್ವಾ? ಕಂಪ್ಯೂಟರಿಗೆಂತ ಬೇರೆ ಶಾಸ್ತ್ರ ಉಂಟಾ?" ಎಂದರು. ಧನಿಗಳ ಹೆಂಡತಿಗೆ ಇಲ್ಲ ಅನ್ನುವವರು ಯಾರು? ಆ ಧೈರ್ಯದಲ್ಲಿ ಶೆಟ್ರು ರಾಹುಕಾಲ ನೋಡಲಿಕ್ಕೆ ಪಂಚಾಂಗ ಹಾಕಿಸಿದರು. ಲವೀನಾ ತನ್ನದೊಂದು ಇರಲಿ ಎಂದು ಬೈಬಲಿನ ವಾಕ್ಯ ಹಾಕಿಸಿದಳು. ಚಿನ್ನದ ದರ ನನ್ನದು. ಕೊಳ್ಳಲಿಕ್ಕಲ್ಲ ಮಾರಾಯ್ರೆ, ಬರೀ ನೋಡಲಿಕ್ಕೆ. ಒಮ್ಮೆ ಮಣಿಪಾಲದಿಂದ ರಿಪೇರಿಗೆ ಬಂದವನು ಪೆಟ್ಟಿಗೆ ಬಿಚ್ಚಿ, ಫ್ಯಾನಿನ ಎಡೆಯಿಂದ ಒಂದು ಮುಷ್ಟಿ ಒಣಗಿದ ಸೇವಂತಿಗೆ ಎಸಳು ತೆಗೆದು ಮೇಜಿನ ಮೇಲಿಟ್ಟ. "ಆನ್ ಮಾಡಿದ ಕೂಡಲೇ ತಾನಾಗಿ ಶುರುವಾಗುವುದರ ಸ್ಟಾರ್ಟಪ್ ಪಟ್ಟಿ ಉಂಟಲ್ಲ, ಅದರಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ ಮೇಡಂ, ಬೇಗ ಓಪನ್ ಆಗ್ತದೆ" ಎಂದ. "ಬೇಡದ್ದು ಯಾವುದು?" ಎಂದು ಕೇಳಿದೆ. ಅವನು ಪರದೆ ನೋಡಿದ, ನಮ್ಮ ಮೂವರ ಮುಖ ನೋಡಿದ, "ಅದು ನೀವು ನೀವೇ ಮಾತಾಡಿಕೊಳ್ಳಿ" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟುಹೋದ. ನಾವು ಮಾತಾಡಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಎರ್ಮಾಳಿನ ರಫೀಕ್ ಬಂದ. ಜೊತೆಗೆ ಅವನ ತಾಯಿ, ಅವನ ಬಾಯಲ್ಲಿ ಉಮ್ಮ, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಅವರ ಕಣ್ಣಿನ ಆಪರೇಶನ್ ಮುಗಿಸಿಯೇ ಹೋಗುತ್ತೇನೆಂದು ಹುಡುಗ ರಜೆಯ ತುದಿಯವರೆಗೂ ಊರಲ್ಲಿ ಉಳಿದಿದ್ದ. ಈಗ ಮಾರನೆಯ ದಿನದೊಳಗೆ ಸೌದಿಯ ದಮ್ಮಾಮಿನಲ್ಲಿ ಇಳಿಯದಿದ್ದರೆ ಅವನ ವೀಸಾ ಮುಗಿಯುತ್ತದೆ, ಅದರ ಹಿಂದೆಯೇ ಕೆಲಸವೂ. ವಿಮಾನಗಳೆಲ್ಲ ತುಂಬಿದ್ದವು. ಹಿಂದಿನ ಸಂಜೆ ಹೇಗೋ ಹೇಗೋ ಒಂದು ಸೀಟು ಹಿಡಿದಿಟ್ಟಿದ್ದೆ. ಶುಕ್ರವಾರ ಹನ್ನೊಂದು ಗಂಟೆಯೊಳಗೆ ಅವನ ಹೊಸ ಪಾಸ್‌ಪೋರ್ಟಿನ ನಂಬರು ಹಾಕಿ ಪಕ್ಕಾ ಮಾಡಬೇಕು. ಇಲ್ಲದಿದ್ದರೆ ಸೀಟು ತನ್ನಷ್ಟಕ್ಕೆ ಬಿಟ್ಟುಹೋಗುತ್ತದೆ. ಹತ್ತೂವರೆಗೆ ರಫೀಕ್ ಅದೇ ಬೆಳಿಗ್ಗೆ ಬಂದ ಪಾಸ್‌ಪೋರ್ಟ್ ಕೈಗೆ ಕೊಟ್ಟ. "ಇನ್ನೆಂತ ಹೆದರಿಕೆ? ಆಯ್ತು ಅಂತಲೇ ಲೆಕ್ಕ" ಎಂದು ಜಂಬದಿಂದ ಮೊದಲ ಅಕ್ಷರ ಒತ್ತಿದೆ. ಕರೆಂಟು ಹೋಯಿತು.

"ಯುಪಿಎಸ್ ಉಂಟಲ್ಲ ವಾರಿಜಕ್ಕ?" ಎಂದ ರಫೀಕ್. ಉಂಟು. ಅದು ಮೇಜಿನಡಿಯಲ್ಲಿ ಒಮ್ಮೆ ಕುಂಯ್ ಎಂದು ಪ್ರಾಣ ಬಿಟ್ಟಿತು. ಅದರ ಬ್ಯಾಟರಿ ಬದಲಿಸಬೇಕೆಂದು ಶೆಟ್ರಿಗೆ ನಾನು ಹೇಳುವುದು, ಅವರು "ನೋಡುವ" ಎನ್ನುವುದು ನಮ್ಮ ನಿತ್ಯದ ಸಂಭಾಷಣೆಯಾಗಿತ್ತು. ಕರೆಂಟೇನೋ ಸ್ವಲ್ಪ ಹೊತ್ತಿನಲ್ಲೇ ಬಂತು. ನಾನು ಸ್ವಿಚ್ ಒತ್ತಿದೆ. ಕಪ್ಪು ಪರದೆ. ಚುಕ್ಕಿಗಳು. ಮತ್ತೂ ಚುಕ್ಕಿಗಳು. ನಾನು ಕುರ್ಚಿಯಿಂದ ಎದ್ದೆ, ಕುಳಿತೆ, ಮತ್ತೆ ಎದ್ದೆ. ಕೊನೆಗೆ ಗಣಪತಿ ಬಂದ. ಮೃದಂಗ ಎರಡು ಏಟು ಬಿದ್ದದ್ದೇ ಪರದೆ ಕಲ್ಲಾಯಿತು, ಸ್ತುತಿ ಒಂದೇ ಅಕ್ಷರದಲ್ಲಿ ಸಿಕ್ಕಿಕೊಂಡು ಬಿಕ್ಕಳಿಸತೊಡಗಿತು. ಮೌಸನ್ನು ಎಳೆದರೆ ಬಾಣದ ಗುರುತು ಆಮೇಲೆ ಯಾವಾಗಲೋ ಬರುತ್ತಿತ್ತು.

"ಗಂಟೆ ಎಷ್ಟಾಯ್ತು ಮಗಳೇ?" ಎಂದರು ಉಮ್ಮ. ಗೋಡೆಯ ಗಡಿಯಾರ ಅವರ ಎದುರಿಗೇ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ನನಗೆ ಚೆನ್ನಾಗಿ ಕಾಣುತ್ತಿತ್ತು. "ಆಗ್ತದೆ ಉಮ್ಮ, ಈಗ ಆಗ್ತದೆ" ಎಂದೆ. ಅವರು ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ರಫೀಕ್ ಬೆಂಚಿನಿಂದೆದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

ಅಷ್ಟರಲ್ಲಿ ಗಣಪತಿಯ ಮೇಲೆ ಪಂಚಾಂಗ ಹಾರಿ ಬಂದು, ಕೆಂಪಕ್ಷರದಲ್ಲಿ, ರಾಹುಕಾಲ ಶುರುವಾಗಿದೆ, ಶುಭಕಾರ್ಯ ಬೇಡ ಎಂದಿತು. "ನಿನ್ನ ರಾಹುವಿಗೆ ಬೆಂಕಿ ಹಾಕ!" ಎಂದು ನಾನು ಕಿರುಚಿದೆ. ಲವೀನಾ ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ಹೇಗೋ ಆ ಸ್ಟಾರ್ಟಪ್ ಪಟ್ಟಿ ತೆರೆದಳು. "ಮೊದಲು ನನ್ನದು ತೆಗೀತೇನೆ ವಾರಿಜಕ್ಕ. ಏಸು ನನಗೆ ಮೊಬೈಲಿನಲ್ಲೂ ಸಿಗ್ತಾನೆ" ಎಂದು ಬೈಬಲಿನ ವಾಕ್ಯವನ್ನು ನಿಲ್ಲಿಸಿದಳು. ಚಿನ್ನದ ದರ ಹೋಯಿತು. ಶೆಟ್ರ ಪಂಚಾಂಗವೂ ಹೋಯಿತು. ಉಳಿದದ್ದು ಒಂದೇ ಸಾಲು, ಎಲ್ಲಕ್ಕಿಂತ ಭಾರದ್ದು. ಅದರ ಪಕ್ಕದಲ್ಲಿ ಡಿಸೇಬಲ್ ಎಂಬ ಗುಂಡಿ. ಲವೀನಾ ಮೌಸಿನಿಂದ ಕೈ ತೆಗೆದಳು.

"ಒತ್ತು ಮಾರಾಯ್ತಿ!"

"ನಾನಾ? ನಾಳೆ ಶೆಟ್ರ ಹೆಂಡತಿ ಬಂದು ಗಣಪತಿಯನ್ನು ನಿಲ್ಲಿಸಿದ್ದು ಯಾರು ಅಂತ ಕೇಳಿದರೆ ನನ್ನ ಹೆಸರು ಹೇಳ್ಲಿಕ್ಕಾ? ನೀವೇ ಒತ್ತಿ."

ನಾನು ಬೆರಳು ಇಟ್ಟೆ, ತೆಗೆದೆ. ಎಲ್ಲರಿಗೂ ರೇಗುವ ಬಾಯಿ ನನ್ನದು, ಆದರೆ ಚೌತಿಯ ಚಂದ್ರನನ್ನು ನೋಡಿಬಿಟ್ಟರೆ ವರ್ಷವಿಡೀ ಹೆದರುವವಳೂ ನಾನೇ. ವಿಘ್ನ ಕಳೆಯುವವನನ್ನೇ ವಿಘ್ನವೆಂದು ತೆಗೆದುಹಾಕಿ ಒಬ್ಬನನ್ನು ಸಮುದ್ರ ದಾಟಿಸುವುದು ಹೇಗೆ? ಗಾಬರಿಯಲ್ಲಿ ನಾಚಿಕೆ ಬಿಟ್ಟು ರಫೀಕನ ಕಡೆ ತಿರುಗಿದೆ. "ನೀನು ಒತ್ತುತ್ತೀಯಾ?" ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಾನು ಒತ್ತಿದರೆ ನಾಳೆ ಪೇಪರಿನಲ್ಲಿ ಬರ್ತದೆ ಅಕ್ಕ" ಎಂದ. ಅಂಥ ಹೊತ್ತಿನಲ್ಲೂ ಲವೀನಾಳಿಗೆ ನಗು ಬಂತು, ನನಗೆ ಅಳು ಬಂತು.

ಶೆಟ್ರು ಕಾರ್ಕಳದಲ್ಲಿ ಮದುವೆಗೆ ಹೋಗಿದ್ದರು. ಫೋನ್ ಮಾಡಿದೆ. ಆಚೆಯಿಂದ ವಾಲಗದ ಅಬ್ಬರ. ನಾನು ಬೊಬ್ಬೆ ಹೊಡೆದು ವಿಷಯ ಹೇಳಿದೆ. ಆಮೇಲೆ ಶೆಟ್ರು, "ಹೌದಾ? ಹಾಗಾದ್ರೆ ನೀನೇ ನೋಡಿ ಮಾಡು" ಎಂದರು. "ಒತ್ತುವುದಾ, ಬೇಡವಾ?" "ಅದೇ, ನೋಡಿ ಮಾಡು. ನಮ್ಮವಳು ಇಲ್ಲೇ ಪಕ್ಕದಲ್ಲಿದ್ದಾಳೆ, ಇಡ್ತೇನೆ." ಇಟ್ಟೇಬಿಟ್ಟರು.

"ಗಂಟೆ ಎಷ್ಟಾಯ್ತು?" ಎಂದು ಉಮ್ಮ ಮತ್ತೆ ಕೇಳಿದರು. ಅವರು ಬೆಂಚು ಹಿಡಿದು ಎದ್ದರು, ತಡವರಿಸುತ್ತ ನನ್ನ ಮೇಜಿನ ಹತ್ತಿರ ಬಂದು ನನ್ನ ಭುಜ ಹುಡುಕಿ ಹಿಡಿದರು. "ಮಗಳೇ, ಇವ ಸಣ್ಣದಿರುವಾಗ ಜ್ವರ ಬಂದರೆ ನನ್ನ ಮಡಿಲಿನಿಂದ ಇಳೀತಿರಲಿಲ್ಲ. ನನ್ನ ನಮಾಜು ಎಷ್ಟೋ ಸಲ ತಡ ಆದದ್ದುಂಟು. ದೇವರು ಬಂದು ಒಂದು ದಿನವೂ ನನ್ನನ್ನು ಬೈದದ್ದಿಲ್ಲ. ನಿನ್ನವನೂ ಬೈಯುವುದಿಲ್ಲ. ಒತ್ತು."

ನಾನು ಕಣ್ಣು ಮುಚ್ಚಿ, "ತಪ್ಪಾಯ್ತು ಸ್ವಾಮೀ" ಎಂದು ಒತ್ತಿದೆ. ಸ್ತಬ್ಧವಾಗಿದ್ದ ಕಂಪ್ಯೂಟರನ್ನು ಮತ್ತೆ ಆಫ್ ಮಾಡಿ ಆನ್ ಮಾಡಬೇಕಿತ್ತು. ಅದು ಇನ್ನೊಂದು ಗಂಡಾಂತರ. ಕಪ್ಪು ಪರದೆ. ಚುಕ್ಕಿಗಳು. ಗಡಿಯಾರದ ಕಡೆ ನೋಡಬಾರದೆಂದು ಪಾಸ್‌ಪೋರ್ಟಿನ ಫೋಟೋ ನೋಡುತ್ತ ಕುಳಿತೆ. ಆಮೇಲೆ ಏನೂ ಸದ್ದಿಲ್ಲದೆ, ಹಾಡಿಲ್ಲದೆ, ಪರದೆ ಖಾಲಿ ಅಂಗಳದ ಹಾಗೆ ತೆರೆದುಕೊಂಡಿತು. ಬುಕ್ಕಿಂಗ್ ಬಂತು. ಸೀಟು ಇನ್ನೂ ಇತ್ತು. ನಾನು ಕುರ್ಚಿ ಬಿಟ್ಟುಕೊಟ್ಟೆ, ರಫೀಕ್ ನಂಬರು ಹೇಳುತ್ತ ಹೋದ, ಲವೀನಾ ಒತ್ತುತ್ತ ಹೋದಳು. ಪ್ರಿಂಟರಿನಿಂದ ಟಿಕೆಟ್ ಹೊರಬರುವಾಗ ಗೋಡೆಯ ಗಡಿಯಾರ ಢಣ್ ಢಣ್ ಎಂದು ಹೊಡೆಯತೊಡಗಿತು. ಉಮ್ಮ ಬಿಸಿ ಕಾಗದವನ್ನು ಕೈಯಲ್ಲಿ ಸವರಿ ಸವರಿ ನೋಡಿದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಬೆವರು ಎಂದು ಹೇಳಿಕೊಂಡೆ.

ರಫೀಕ್ ದಮ್ಮಾಮಿನಿಂದ ಫೋನ್ ಮಾಡಿ "ಮುಟ್ಟಿದೆ ಅಕ್ಕ" ಎಂದ ಮೇಲೆ ನನ್ನ ಜೀವ ಬಂತು. ಜೀವದ ಜೊತೆಗೆ ಹೆದರಿಕೆಯೂ ಬಂತು. ಕೆಲಸ ಆಯಿತು, ಗಣಪತಿಯನ್ನು ಮರೆತಳು ಎಂದಾಗಬಾರದಲ್ಲ? ಹಾಗೆಂದು ವೀಡಿಯೊವನ್ನು ಮತ್ತೆ ಹಾಕುವ ಧೈರ್ಯವಿಲ್ಲ. ಅದಕ್ಕೆ ಈಗ ದಿನಾ ಬೆಳಿಗ್ಗೆ ಕಂಪ್ಯೂಟರಿನ ಎದುರು ನಿಂತು ಸ್ತುತಿಯನ್ನು ನಾನೇ ಹೇಳುತ್ತೇನೆ. ಅಷ್ಟು ವರ್ಷ ಕರೆಂಟು ಹೋಗಿ ಬಂದಾಗಲೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿದೆ. ನಡುವೆ ಮೃದಂಗ ಬರುವ ಜಾಗವನ್ನೂ ಹಾರಿಸುವುದಿಲ್ಲ. ಅಷ್ಟು ಹೊತ್ತು ಕೈ ಮುಗಿದು ಸುಮ್ಮನೆ ನಿಲ್ಲುತ್ತೇನೆ. ಆಮೇಲೆ ಗೋಡೆಯ ಪಂಚಾಂಗದಲ್ಲಿ ರಾಹುಕಾಲ ನೋಡುತ್ತೇನೆ. ಲವೀನಾ ಮೊಬೈಲಿನಿಂದ ತನ್ನ ವಾಕ್ಯ ಓದುತ್ತಾಳೆ. ನಾನು ಮೊಬೈಲಿನಲ್ಲಿ ಚಿನ್ನದ ದರ ನೋಡಿ ನಿಟ್ಟುಸಿರು ಬಿಡುತ್ತೇನೆ. ಅದಾದ ಮೇಲೆಯೇ ಸ್ವಿಚ್ಚಿಗೆ ಕೈ, ಈಗ ಸಂಜೆ ಆಫ್ ಮಾಡಿಯೇ ಹೋಗುತ್ತೇವಲ್ಲ. ಕಂಪ್ಯೂಟರ್ ರೆಪ್ಪೆ ಬಡಿಯುವುದರೊಳಗೆ ತೆರೆದುಕೊಳ್ಳುತ್ತದೆ ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ.

ಮೊನ್ನೆ ಬಾಗಿಲು ತೆಗೆಯುವಾಗಲೇ ರಫೀಕನ ಉಮ್ಮ ಬಂದರು, ಯಾರದೋ ಟಿಕೆಟ್ ವಿಚಾರಿಸಲಿಕ್ಕೆ. ಕಪ್ಪು ಕನ್ನಡಕ ಇರಲಿಲ್ಲ. ಬೆಂಚಿನಲ್ಲಿ ಕುಳಿತು ನನ್ನ ಸ್ತುತಿ ಕೇಳಿದರು, ಮೃದಂಗದ ಜಾಗದಲ್ಲಿ ನನ್ನ ಮೌನವನ್ನೂ ಕೇಳಿದರು, ಪಂಚಾಂಗ, ಬೈಬಲು, ಚಿನ್ನ ಎಲ್ಲವನ್ನೂ ನೋಡಿದರು. ಗೋಡೆಯ ಗಡಿಯಾರದಲ್ಲಿ ಅರ್ಧ ಗಂಟೆ ಸರಿದದ್ದನ್ನೂ ನೋಡಿದರು. ಆಮೇಲೆ ಎದ್ದು ಬಂದು, ಪರದೆಯ ಕಡೆ ಬಗ್ಗಿ, ಮೆಲ್ಲನೆ ಕೇಳಿದರು:

"ಮಗಳೇ, ಆ ಪಟ್ಟಿಯಲ್ಲಿ ನಿನ್ನ ಹೆಸರು ಎಲ್ಲುಂಟು? ಈಗ ನನಗೆ ಕಣ್ಣು ಕಾಣ್ತದೆ, ನಾನೇ ಒತ್ತುತ್ತೇನೆ."