ನಾಚೊಗೆ ನಾನು ತಾಯಿಯಾದದ್ದು

ನಲವತ್ತು ದಾಟಿದ ಒಂಟಿ ಹೆಂಗಸನ್ನು ಜನ ಅಕ್ಕ, ಆಂಟಿ, ಮೇಡಂ ಎಂದು ಏನು ಬೇಕಾದರೂ ಕರೆಯುತ್ತಾರೆ, ನಾನೂ ಸಹಿಸಿಕೊಂಡಿದ್ದೇನೆ. ಆದರೆ ನನಗಿಂತ ಆರೇ ವರ್ಷ ಚಿಕ್ಕವನೊಬ್ಬ ಬಾಗಿಲು ತಟ್ಟಿ, "ನನ್ನ ಮದುವೇಲಿ ತಾಯಿ ಆಗ್ತೀರಾ?" ಎಂದು ಕೇಳಿದಾಗ ಎದೆಗೆ ಚುಚ್ಚಿದಂತಾಯಿತು. ಕೊರೋನಾ ಕಾಲ. ನಾನಿರುವ ಡಚ್ ಊರು ಗ್ರೋನಿಂಗನ್‌ನ ಸಲೂನುಗಳೆಲ್ಲ ಮುಚ್ಚಿ, ನನ್ನ ಬೈತಲೆಯ ಎರಡೂ ಕಡೆ ಬೆಳ್ಳಿ ಹಬ್ಬಿಕೊಂಡಿತ್ತು. ಅದನ್ನು ನೋಡಿಯೇ ಕೇಳಿದನೆಂದು ಈಗಲೂ ನನ್ನ ಗುಮಾನಿ.

ಅವನು ಮೇಲಿನ ಮನೆಯ ಸ್ಪ್ಯಾನಿಷ್ ಸಂಶೋಧಕ. ಹೆಸರು ನಾಚೊ, ನಾಚಿಕೆ ಮಾತ್ರ ಅವನ ಬಳಿ ಸುಳಿದದ್ದಿಲ್ಲ. ಅಂದು ಎರಡು ಮೆಟ್ಟಿಲು ಕೆಳಗೆ ನಿಂತು, ಮಾಸ್ಕ್ ಎಳೆದುಕೊಳ್ಳುತ್ತಾ ವಿವರಿಸಿದ. ಅವರಲ್ಲಿ ವರನನ್ನು ತಾಯಿಯೇ ತೋಳು ಹಿಡಿದು ವಧುವಿನ ಬಳಿಗೆ ಕರೆತರಬೇಕಂತೆ. ಅವನ ತಾಯಿ ಹಿಂದಿನ ವಸಂತದಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಇವನಿಗೆ ಮಣ್ಣಿಗೂ ಹೋಗಲಾಗಿರಲಿಲ್ಲ. ಈಗ ಊರಲ್ಲಿರುವ ಅವನ ಅಕ್ಕನಿಗೂ ಬರಲು ದಾರಿಯಿಲ್ಲ. ಅಮ್ಮ ಮದುವೆಗಳಿಗೆ ಹೊದೆಯುತ್ತಿದ್ದ ಕಪ್ಪು ಲೇಸಿನ ಮುಸುಕನ್ನು ಅಂಚೆಯಲ್ಲಿ ಕಳಿಸಿದ್ದಾಳೆ.

"ನಾನೇ ಯಾಕೆ?" ಎಂದೆ.

"ಅಮ್ಮ ಹೋದ ದಿನ ನನ್ನ ಬಾಗಿಲ ಮುಂದೆ ಸಾರು ಇಟ್ಟು ಹೋಗಿದ್ರಿ. ಬೇರೆ ಯಾರೂ ಬರಲಿಲ್ಲ."

ಮೈಸೂರಿನಲ್ಲಿರುವ ಅಮ್ಮನಿಗೆ ಫೋನು ಮಾಡಿದೆ. "ಅಯ್ಯೋ, ಮದ್ವೆ ದಿನ ತಲೆ ಮೇಲೆ ಕಪ್ಪಾ?" ಎಂದರು. ಆಮೇಲೆ ನಿಟ್ಟುಸಿರಿಟ್ಟು, "ಹೋಗ್ಲಿ ಬಿಡೆ. ನಿಂಗೆ ಗಂಡು ಹುಡುಕಿ ಹುಡುಕಿ ಸಾಕಾಯ್ತು. ಬೆಳೆದ ಮಗನಾದ್ರೂ ಸಿಕ್ಕಿದ್ನಲ್ಲ!"

ನಗರಸಭೆಯ ಮದುವೆ ಕೋಣೆಯಲ್ಲಿ ಬೆರಳೆಣಿಕೆಯ ಜನ. ಮೈಸೂರು ಸಿಲ್ಕ್ ಸೀರೆ, ಅದರ ಮೇಲೆ ಉಣ್ಣೆ ಕೋಟು, ತಲೆಗೆ ಆ ಮುಸುಕು. ಹೊರಡುವಾಗ ಕನ್ನಡಿ ನೋಡಿ ನನಗೇ ಭಯವಾಗಿತ್ತು. ಮದುವೆ ನಡೆಸುವ ಡಚ್ ಅಧಿಕಾರಿಣಿ ನಮ್ಮನ್ನು ತಡೆದು, "ಮೇಡಂ, ಒಂದೂವರೆ ಮೀಟರ್ ದೂರ ಇರಿ. ಒಂದೇ ಮನೆಯವರಾದ್ರೆ ಮಾತ್ರ ಕೈ ಹಿಡೀಬಹುದು," ಎಂದರು.

"ಇವರು ನನ್ನ ತಾಯಿ," ಎಂದ ನಾಚೊ.

ಆಕೆ ಅವನ ಬಿಳಿ ಮುಖ ನೋಡಿದರು, ನನ್ನ ಎಣ್ಣೆಗಪ್ಪು ಮುಖ ನೋಡಿದರು, ಕೊನೆಗೆ ಕಾಗದಗಳತ್ತ ತಿರುಗಿ, "ಸರಿ," ಎಂದರು.

ತೋಳು ಹಿಡಿದೆ. ಒಂದು ವರ್ಷದಿಂದ ನಾನು ಒಬ್ಬ ಮನುಷ್ಯನನ್ನೂ ಮುಟ್ಟಿಲ್ಲವೆಂಬುದು ಆಗ ಹೊಳೆಯಿತು. ಅಳುತ್ತಿದ್ದುದು ಅವನೋ ನಾನೋ, ಯಾರ ಮಾಸ್ಕು ಹೆಚ್ಚು ಒದ್ದೆಯಾಗಿತ್ತೋ ಹೇಳಲಾರೆ. ವಧುವಿನ ಬಳಿ ತಲುಪಿದ ಮೇಲೆ ತಾಯಿಯಾದವಳು ಪಕ್ಕಕ್ಕೆ ಸರಿಯಬೇಕು. ನಾನು ನಿಂತೇ ಇದ್ದೆ. ವಧು ಸಣ್ಣಗೆ ಕೆಮ್ಮಿದಳು. ಆ ಕಾಲದಲ್ಲಿ ಕೆಮ್ಮಿದರೆ ಊರಿಗೆ ಊರೇ ಹಿಂದೆ ಸರಿಯುತ್ತಿತ್ತು, ನಾನು ಸರಿಯಲಿಲ್ಲ.

ಕೊನೆಗೆ ಅಧಿಕಾರಿಣಿಯೇ ಬಾಗಿ ಮೆಲ್ಲಗೆ ಹೇಳಬೇಕಾಯಿತು: "ಮೇಡಂ, ಇನ್ನು ಕೈ ಬಿಡಿ. ಮದುವೆ ಅವರಿಬ್ಬರದು."